ಬಿಡುವು ಕೇಳಿ ಪಡೆಯಬೇಕು

ಸಂಕ್ರಾಂತಿ ಕಳೆಯಿತೆಂದರೆ ಹೈದರಾಬಾದಿನ ದಿಲ್‌ಸುಖ್‌ನಗರದ ಗಲ್ಲಿಗಳಲ್ಲಿ ದೀಪ ಆರುವ ಹೊತ್ತು ತಡವಾಗುತ್ತ ಹೋಗುತ್ತದೆ. ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ಇಂಟರ್‌ಮೀಡಿಯೆಟ್ ಪರೀಕ್ಷೆ, ಅದರ ಬೆನ್ನಿಗೆ ಹತ್ತನೇ ತರಗತಿಯದು. ಮೇ ತಿಂಗಳಲ್ಲಿ ನೀಟ್ ಮತ್ತು ತೆಲಂಗಾಣದ ಎಪ್‌ಸೆಟ್ ಪ್ರವೇಶ ಪರೀಕ್ಷೆಗಳು. ಜೂನ್ ಎರಡನೇ ವಾರಕ್ಕೆ ಶಾಲೆಯ ಬಾಗಿಲು ತೆರೆಯುತ್ತಲೇ ಫೀಸು, ಪುಸ್ತಕ, ಯೂನಿಫಾರ್ಮಿನ ಓಡಾಟ. ಚೈತನ್ಯಪುರಿಯಿಂದ ಮಲಕ್‌ಪೇಟೆಯ ಕಡೆಗೆ ಹಬ್ಬಿರುವ ಕೋಚಿಂಗ್ ಸೆಂಟರ್, ಹಾಸ್ಟೆಲ್, ಸ್ಟಡಿ ಹಾಲ್‌ಗಳಲ್ಲಿ ಸರ್ಕಾರಿ ನೌಕರಿಗೆ ಓದುವ ಹುಡುಗ ಹುಡುಗಿಯರಿಗಂತೂ ಇದು ವರ್ಷವಿಡೀ ಮುಗಿಯದ ಋತು. ಇವೇ ಓಣಿಗಳಲ್ಲಿ ಕನ್ನಡದ ಮನೆಗಳೂ ಇವೆ. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ಸಂಸ್ಥಾನದೊಳಗೆ ಇದ್ದ ಕಾಲದಿಂದ ಇಲ್ಲಿ ನೆಲೆ ನಿಂತವರಿದ್ದಾರೆ, ಸಾಫ್ಟ್‌ವೇರ್ ನೌಕರಿ ಹಿಡಿದು ಈಚೆಗೆ ಬಂದವರೂ ಇದ್ದಾರೆ.

ಈ ಮಾತುಗಳು ಮುಖ್ಯವಾಗಿ ಆ ಮನೆಗಳ ನಡುವಯಸ್ಸಿನವರಿಗೆ. ಒಂದು ಕಡೆ ಪರೀಕ್ಷೆಗೆ ಕೂತ ಮಗಳು, ಇನ್ನೊಂದು ಕಡೆ ಮೊಣಕಾಲು ಆಪರೇಷನ್ ಆಗಿ ಊರಿನಿಂದ ಬಂದ ಅತ್ತೆ, ಮಧ್ಯೆ ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸಿ ಹೈಟೆಕ್ ಸಿಟಿ ಮುಟ್ಟಬೇಕಾದ ನೌಕರಿ. ಇಂಥವರನ್ನು "ಹೇಗಿದ್ದೀರಿ ಅಕ್ಕಾ?" ಎಂದು ಕೇಳಿ ನೋಡಿ. "ಇದೊಂದು ಮುಗೀಲಿ ಬಿಡವ್ವಾ, ಆಮ್ಯಾಲೆ ಊರಿಗೆ ಹೋಗಿ ನಾಕು ದಿನ ಮಲಗಿಬಿಡ್ತೀನಿ" ಅನ್ನುವ ಉತ್ತರ ಬರುತ್ತದೆ. ಆ ನಾಲ್ಕು ದಿನ ಬರುವುದಿಲ್ಲ. ನೀಟ್ ಮುಗಿದರೆ ಕೌನ್ಸೆಲಿಂಗ್, ಅದು ಮುಗಿದರೆ ಹಾಸ್ಟೆಲ್ ಹುಡುಕಾಟ, ಅಷ್ಟರಲ್ಲಿ ತಮ್ಮನ ಮಗನ ಮದುವೆ.

ದಣಿದವರಿಗೆ ಸಾಮಾನ್ಯವಾಗಿ ಹೇಳುವ ಬುದ್ಧಿವಾದಗಳು ನನಗೆ ಅರೆಬರೆ ಅನ್ನಿಸುತ್ತವೆ. ಬೇಗ ಏಳಿ, ಧ್ಯಾನ ಮಾಡಿ, ನಿಮಗಾಗಿ ಸಮಯ ಮಾಡಿಕೊಳ್ಳಿ ಅನ್ನುವವರು ಆ ಸಮಯ ಎಲ್ಲಿಂದ ಬರಬೇಕು ಎಂದು ಹೇಳುವುದಿಲ್ಲ. ತುಂಬಿದ ಮನೆಯಲ್ಲಿ ಒಬ್ಬರು ಅರ್ಧ ಗಂಟೆ ಮಲಗಬೇಕಾದರೆ ಆ ಅರ್ಧ ಗಂಟೆಯ ಕೆಲಸವನ್ನು ಇನ್ನೊಬ್ಬರು ಕೈಗೆತ್ತಿಕೊಳ್ಳಬೇಕು. ಯಾರು, ಯಾವ ಹೊತ್ತಿಗೆ, ಯಾವ ಕೆಲಸ ಎಂದು ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳದ ಮನೆಯಲ್ಲಿ ವಿಶ್ರಾಂತಿ ನಡೆಯುವುದಿಲ್ಲ. ಹೇಗೆ ಗೊತ್ತುಮಾಡಿಕೊಳ್ಳುವುದು ಎಂಬುದೇ ಈ ಲೇಖನದ ವಿಷಯ.

ಮೊದಲು ನಿದ್ದೆಯ ಲೆಕ್ಕ

ರಾತ್ರಿ ಹನ್ನೊಂದೂವರೆಗೆ ಮಲಗಿ ಬೆಳಗ್ಗೆ ಐದಕ್ಕೆ ಏಳುವವರಿಗೆ ಸಿಗುವುದು ಐದೂವರೆ ಗಂಟೆ. ಅಮೆರಿಕದ ನಿದ್ರಾತಜ್ಞರ ಸಂಘಗಳು 2015ರಲ್ಲಿ ಕೂತು ಚರ್ಚಿಸಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದವು. ಮರುವರ್ಷ 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ಎಂಬ ಸಲಹೆ ಬಂತು. "ನನಗೆ ಐದು ಗಂಟೆ ಸಾಕು, ರೂಢಿಯಾಗಿದೆ" ಎನ್ನುವವರು ಬಹಳ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ಗಮನಿಸಬೇಕು. ಎರಡು ವಾರ ದಿನಕ್ಕೆ ಆರು ಗಂಟೆಯಷ್ಟೇ ಮಲಗಿದವರ ಗಮನಶಕ್ತಿ, ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅದಕ್ಕಿಂತ ಭಯದ ಸಂಗತಿಯೆಂದರೆ, ತಾವು ಅಷ್ಟು ಕುಗ್ಗಿದ್ದೇವೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ರೂಢಿಯಾಗಿದೆ ಎಂಬ ಭಾವನೆ ಬರುತ್ತದೆ, ಮೈ ರೂಢಿಯಾಗಿರುವುದಿಲ್ಲ.

ಸ್ಕೂಟರ್ ಓಡಿಸುವವರಿಗೆ ಇನ್ನೊಂದು ಲೆಕ್ಕ. 17 ಗಂಟೆ ಎಡೆಬಿಡದೆ ಎಚ್ಚರವಿದ್ದವರ ಕೈಕಣ್ಣುಗಳ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆ ಒಪ್ಪುವ ಮಿತಿ ಶೇ. 0.03. ಬೆಳಗ್ಗೆ ಐದಕ್ಕೆ ಎದ್ದ ತಾಯಿ ರಾತ್ರಿ ಹತ್ತಕ್ಕೆ ಟ್ಯೂಷನ್‌ನಿಂದ ಮಗನನ್ನು ಕರೆತರಲು ಹೆದ್ದಾರಿಗೆ ಇಳಿದಳೆಂದರೆ ಆ 17 ಗಂಟೆ ಭರ್ತಿಯಾಗಿರುತ್ತದೆ. ಆ ಹೊತ್ತಿನ ಓಡಾಟವನ್ನು ಆಟೋಗೋ, ಆ ದಿನ ತಡವಾಗಿ ಎದ್ದ ಇನ್ನೊಬ್ಬರಿಗೋ ಬಿಡಿ.

ಮೊದಲ ಕೆಲಸವೆಂದರೆ ಮಲಗುವ ಹೊತ್ತನ್ನು ಗಟ್ಟಿಮಾಡುವುದು. ಏಳುವ ಹೊತ್ತು ಹೇಗೂ ನಮ್ಮ ಕೈಯಲ್ಲಿಲ್ಲ, ನೀರು ಬರುವ ಹೊತ್ತು, ಕಾಲೇಜು ಬಸ್ಸು ಬರುವ ಹೊತ್ತು ಅದನ್ನು ನಿರ್ಧರಿಸುತ್ತವೆ. ಐದಕ್ಕೆ ಏಳಲೇಬೇಕಾದರೆ ಹತ್ತಕ್ಕೆ ಹಾಸಿಗೆಯಲ್ಲಿರಬೇಕು. ಹತ್ತರಿಂದ ಹನ್ನೊಂದೂವರೆಯವರೆಗೆ ಈಗ ಏನು ನಡೆಯುತ್ತಿದೆ ಎಂದು ಒಂದು ವಾರ ಬರೆದಿಡಿ. ನಾಳೆಯ ಪಲ್ಯಕ್ಕೆ ಹೆಚ್ಚುವುದು, ಪಾತ್ರೆ, ಇಸ್ತ್ರಿ, ಶಾಲೆಯ ವಾಟ್ಸ್‌ಆ್ಯಪ್ ಗುಂಪು, ಅದರ ನೆಪದಲ್ಲಿ ಅರ್ಧ ಗಂಟೆ ರೀಲ್ಸ್. ಕೊನೆಯದನ್ನು ನೀವೇ ಬಿಡಬಹುದು. ಉಳಿದವನ್ನು ಮನೆಯವರಿಗೆ ಹಂಚಬೇಕು.

ಚಹಾದ ಮಾತು ಹೇಳದಿದ್ದರೆ ಹೈದರಾಬಾದಿನಲ್ಲಿ ನಿದ್ದೆಯ ಲೆಕ್ಕ ಪೂರ್ತಿಯಾಗುವುದಿಲ್ಲ. ಸಂಜೆ ಆರಕ್ಕೆ ಕುಡಿದ ಇರಾನಿ ಚಾಯ್‌ನ ಕೆಫೀನಿನಲ್ಲಿ ಸುಮಾರು ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಉಳಿದಿರುತ್ತದೆ. ಮಲಗುವ ಆರು ಗಂಟೆ ಮೊದಲು ದೊಡ್ಡ ಪ್ರಮಾಣದಲ್ಲಿ ಕೆಫೀನ್ ಕೊಟ್ಟಾಗಲೂ ಒಂದು ಗಂಟೆಗೂ ಹೆಚ್ಚು ನಿದ್ದೆ ಕಡಿಮೆಯಾದದ್ದು 2013ರ ಒಂದು ಪ್ರಯೋಗದಲ್ಲಿ ಕಂಡುಬಂದಿದೆ. ದಿನದ ಕೊನೆಯ ಚಹಾ ನಾಲ್ಕು ಗಂಟೆಯೊಳಗೆ ಮುಗಿಯಲಿ.

ಹಗಲಿನಲ್ಲಿ ಸ್ವಲ್ಪ ಅಡ್ಡಾಗುವುದು

ಮಧ್ಯಾಹ್ನ ಅಡ್ಡಾಗುವುದನ್ನು ಸೋಮಾರಿತನ ಅನ್ನುವವರಿಗೆ ಎರಡು ಉತ್ತರಗಳಿವೆ. ಚರಕಸಂಹಿತೆ ಆಹಾರದ ಜೊತೆಗೆ ನಿದ್ದೆಯನ್ನೂ ದೇಹದ ಮೂರು ಆಧಾರಸ್ತಂಭಗಳಲ್ಲಿ ಎಣಿಸುತ್ತದೆ. ಹಗಲುನಿದ್ದೆಯನ್ನು ಸಾಮಾನ್ಯವಾಗಿ ಬೇಡವೆನ್ನುವ ಅದೇ ಗ್ರಂಥ ಬೇಸಿಗೆಯಲ್ಲಿ, ದಣಿದವರಿಗೆ, ಮುದುಕರಿಗೆ ವಿನಾಯಿತಿ ಕೊಡುತ್ತದೆ. ಇನ್ನೊಂದು ಉತ್ತರ ನಾಸಾದ್ದು. ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ಬಿಡುವು ಕೊಟ್ಟು ನೋಡಿದಾಗ ಅವರು ಸರಾಸರಿ 26 ನಿಮಿಷ ಮಲಗಿದರು. ಮಲಗದವರಿಗೆ ಹೋಲಿಸಿದರೆ ಅವರ ಕೆಲಸದ ಗುಣಮಟ್ಟ ಶೇ. 34ರಷ್ಟು, ಎಚ್ಚರ ಶೇ. 54ರಷ್ಟು ಮೇಲಿತ್ತು. ಒಬ್ಬ ಪೈಲಟ್ ಮಲಗಿದಾಗ ಉಳಿದವರು ವಿಮಾನ ನೋಡಿಕೊಂಡರು ಎಂಬುದನ್ನೂ ಗಮನಿಸಬೇಕು.

ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಅದು ಮೀರಿದರೆ ಗಾಢನಿದ್ದೆಗೆ ಇಳಿದು ಎದ್ದಾಗ ತಲೆ ಭಾರವಾಗುತ್ತದೆ, ರಾತ್ರಿಯ ನಿದ್ದೆಯೂ ಕೆಡುತ್ತದೆ. ಮೂರು ಗಂಟೆಯೊಳಗೆ ಮುಗಿಸುವುದು ಒಳ್ಳೆಯದು. ದೀಪ ಹಚ್ಚುವ ಹೊತ್ತಿಗೆ ಮಲಗಬಾರದು ಎಂಬ ಹಿರಿಯರ ಮಾತನ್ನು ಇಲ್ಲಿ ಪಾಲಿಸಿದರೆ ನಿದ್ದೆಗೂ ಹಿತ, ಅತ್ತೆಯ ಜೊತೆ ವಾದವೂ ತಪ್ಪುತ್ತದೆ.

ಆಫೀಸಿಗೆ ಹೋಗುವವರಿಗೆ ಮೆಟ್ರೋ ಇದೆ. ಎಲ್.ಬಿ. ನಗರದಿಂದ ಅಮೀರ್‌ಪೇಟೆಯವರೆಗಿನ ಮಾರ್ಗ 2018ರ ಸೆಪ್ಟೆಂಬರ್ 24ರಂದು ಶುರುವಾದ ಮೇಲೆ ಈ ಭಾಗದವರಿಗೆ ರಸ್ತೆಯ ಧೂಳು, ಸಿಗ್ನಲ್ಲು ತಪ್ಪಿತು. ದಿಲ್‌ಸುಖ್‌ನಗರದಿಂದ ಹದಿಮೂರನೆಯ ಸ್ಟೇಷನ್ ಅಮೀರ್‌ಪೇಟೆ. ಸೀಟು ಸಿಕ್ಕರೆ ಬ್ಯಾಗಿನ ಪಟ್ಟಿಯನ್ನು ಕೈಗೆ ಸುತ್ತಿಕೊಂಡು, ಫೋನಿನಲ್ಲಿ ಸದ್ದಿಲ್ಲದ ಅಲಾರಾಂ ಇಟ್ಟು ಕಣ್ಣು ಮುಚ್ಚಿ. ಬೆಳಗಿನ ದಟ್ಟಣೆಯಲ್ಲಿ ಸೀಟು ಕಷ್ಟ. ನಾವು ಹತ್ತುವುದು ನಾಲ್ಕನೆಯ ಸ್ಟೇಷನ್ನಿನಲ್ಲಿ, ಅಷ್ಟರಲ್ಲಿ ಬೋಗಿ ತುಂಬಿರುತ್ತದೆ. ನಿಂತೇ ಹೋದರೂ ಆ ಹೊತ್ತು ಫೋನ್ ನೋಡದಿದ್ದರೆ ಸಾಕು, ಕಣ್ಣಿಗೆ ಮನಸ್ಸಿಗೆ ಬಿಡುವು ಸಿಗುತ್ತದೆ. ಆಫೀಸಿನ ಗುಂಪಿಗೆ ಅಮೀರ್‌ಪೇಟೆ ದಾಟಿದ ಮೇಲೆ ಉತ್ತರ ಕೊಡಬಹುದು.

ಇಲ್ಲಿಯ ಸೀರೆ ಅಂಗಡಿ, ಬಟ್ಟೆ ಅಂಗಡಿಗಳ ಮಾಲೀಕರಿಗೆ ಒಂದು ಮಾತು. ಕೌಂಟರ್ ಹಿಂದೆ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವ ಹೆಣ್ಣುಮಕ್ಕಳಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ಸ್ಟೂಲ್ ಹಾಕಲು ಕಾನೂನಿನ ತನಕ ಕಾಯಬೇಕಾಗಿಲ್ಲ.

ಯಾರ ಕೆಲಸ ಯಾರ ಕೈಗೆ

ಭಾರತದ ದುಡಿಯುವವರಿಗೆ ವಾರದ ರಜೆ ತಾನಾಗಿ ಬರಲಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಕೇಳಿದ ಮೇಲೆ 1890ರ ಜೂನ್ 10ರಂದು ಭಾನುವಾರದ ರಜೆ ಒಪ್ಪಿಗೆಯಾಯಿತು. 1948ರ ಕಾರ್ಖಾನೆ ಕಾಯ್ದೆ, ಐದು ಗಂಟೆ ದುಡಿದವನಿಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತು. ಎತ್ತುಗಳಿಗೂ ನಮ್ಮಲ್ಲಿ ಕಟ್ಟಳೆ ಇತ್ತು. ಸೋಮವಾರ ಬಸವಣ್ಣನ ವಾರವೆಂದು ಎಷ್ಟೋ ಊರುಗಳಲ್ಲಿ ನೊಗ ಹೂಡುತ್ತಿರಲಿಲ್ಲ, ಬಿತ್ತನೆಯ ಅವಸರದಲ್ಲೂ. ಅಡುಗೆಮನೆಗೆ ಇಂಥ ವಾರವೂ ಇಲ್ಲ, ಕಾಯ್ದೆಯೂ ಇಲ್ಲ. ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ವಿಶ್ರಾಂತಿ ಎಲ್ಲಿಂದ ತೆಗೆಯಬೇಕು ಎಂಬ ಪ್ರಶ್ನೆಗೆ ಉತ್ತರದ ಬಹುಪಾಲು ಈ ಎರಡು ಅಂಕಿಗಳ ನಡುವೆ ಇದೆ.

ಇದನ್ನು ಮಾತಾಡಲು ಮುಜುಗರಪಡುವ ಮನೆಗಳಿಗೆ ಬಾಣಂತನವನ್ನು ನೆನಪಿಸುತ್ತೇನೆ. ಹೆತ್ತ ಹೆಣ್ಣುಮಗಳು ತವರಿನಲ್ಲಿ ಮೂರು ತಿಂಗಳೋ ಐದು ತಿಂಗಳೋ ಇರುತ್ತಾಳೆ. ಎಣ್ಣೆನೀರು ಯಾರು ಹಾಕಬೇಕು, ಕೂಸನ್ನು ಯಾರು ಎತ್ತಿಕೊಳ್ಳಬೇಕು, ರಾತ್ರಿ ಯಾರು ಎಚ್ಚರವಿರಬೇಕು ಎಂಬುದೆಲ್ಲ ಗೊತ್ತಾಗಿರುತ್ತದೆ. ಅವಳು ಮಲಗಿದ್ದಕ್ಕೆ ಯಾರೂ ಬೈಯುವುದಿಲ್ಲ, ಎದ್ದು ಕೆಲಸ ಮಾಡಿದರೇ ಬೈಯುತ್ತಾರೆ. ದಣಿದ ಮೈಗೆ ಸುತ್ತಲಿನವರು ಸೇರಿ ಬಿಡುವು ಕಟ್ಟಿಕೊಡುವ ವಿದ್ಯೆ ನಮ್ಮ ಮನೆಗಳಿಗೆ ಗೊತ್ತು. ಅದನ್ನು ಹೆರಿಗೆಗಷ್ಟೇ ಮೀಸಲಿಟ್ಟಿದ್ದೇವೆ. ಪರೀಕ್ಷೆಯ ಋತುವಿಗೂ ರೋಗಿಯ ಆರೈಕೆಯ ತಿಂಗಳುಗಳಿಗೂ ಅದನ್ನೇ ಚಿಕ್ಕದಾಗಿ ಮಾಡಬಹುದು.

ಒಂದು ಭಾನುವಾರ ಮನೆಯವರೆಲ್ಲ ಕೂತು ವಾರದ ಕೆಲಸಗಳನ್ನು ಕಾಗದದ ಮೇಲೆ ಬರೆಯಿರಿ. ಕಣ್ಣಿಗೆ ಕಾಣುವ ಕೆಲಸಗಳ ಜೊತೆಗೆ ತಲೆಯೊಳಗೆ ಮಾತ್ರ ಇರುವವನ್ನೂ ಬರೆಯಬೇಕು. ಗ್ಯಾಸ್ ಬುಕ್ ಮಾಡುವುದು, ಮಾವನ ಬಿಪಿ ಮಾತ್ರೆ ಮುಗಿಯುವ ತಾರೀಖು, ಹಾಲ್ ಟಿಕೆಟ್ ಡೌನ್‌ಲೋಡ್, ನೆಂಟರ ಮನೆಯ ಗೃಹಪ್ರವೇಶ. ದಣಿವಿನ ಅರ್ಧ ಈ ನೆನಪಿಟ್ಟುಕೊಳ್ಳುವುದರಿಂದಲೇ ಬರುತ್ತದೆ. ಬರೆದು ಮುಗಿದ ಮೇಲೆ ಒಂದೊಂದು ಕೆಲಸವನ್ನೂ ಪೂರ್ತಿಯಾಗಿ ಒಬ್ಬರ ಹೆಸರಿಗೆ ಹಚ್ಚಿ. "ಮಾತ್ರೆ ತಂದುಕೊಡು ಅಂತ ಹೇಳಿದ್ರೆ ತರ್ತಿದ್ದೆ" ಎಂಬ ಮಾತಿಗೆ ಅವಕಾಶ ಇರಬಾರದು. ಮಾತ್ರೆಯ ಕೆಲಸ ಗಂಡನದು ಎಂದಾದರೆ ಎಷ್ಟು ಉಳಿದಿವೆ ಎಂದು ನೋಡುವುದು, ತರುವುದು, ಡಬ್ಬಿಗೆ ತುಂಬುವುದು ಎಲ್ಲವೂ ಅವರದು.

ಹಂಚಿದ ಮೇಲೆ ಕಷ್ಟದ ಭಾಗ ಬರುತ್ತದೆ. ಮಗ ಮಡಿಸಿದ ಬಟ್ಟೆ ಸೊಟ್ಟಗಿರುತ್ತದೆ, ಗಂಡ ತೊಳೆದ ಕುಕ್ಕರಿನ ಅಂಚಿನಲ್ಲಿ ಬೇಳೆ ಅಂಟಿರುತ್ತದೆ. ತಿರುಗಿ ತೊಳೆಯಬೇಡಿ. ಕರೆದು ತೋರಿಸಿ, ನಾಳೆ ಅವರೇ ಸರಿಮಾಡಲಿ. ನೀವೇ ತೊಳೆದರೆ ಆ ಕೆಲಸ ಎರಡೇ ದಿನದಲ್ಲಿ ನಿಮ್ಮ ಹೆಸರಿಗೆ ವಾಪಸ್ ಬರುತ್ತದೆ. ಎಂಜಲು ಪಾತ್ರೆ ಬಿಟ್ಟು ಮಲಗಬಾರದೆಂಬ ನೇಮವನ್ನು ಮನೆ ಮುರಿಯಬೇಕಾಗಿಲ್ಲ, ಆದರೆ ಅದನ್ನು ತೊಳೆಯುವ ಕೈ ವಾರದಲ್ಲಿ ಮೂರು ದಿನ ಬೇರೆಯಾಗಿರಲಿ.

ಪರೀಕ್ಷೆಗೆ ಓದುವ ಮಗುವಿನ ಕೈಗೆ ಒಂದು ಲೋಟವನ್ನೂ ಕೊಡದ ಮನೆಗಳಿವೆ. ಅದು ತಪ್ಪೆಂದೇ ನನ್ನ ತಿಳುವಳಿಕೆ. ಆರು ಗಂಟೆ ಪುಸ್ತಕ ನೋಡಿದ ಕಣ್ಣಿಗೆ ಹದಿನೈದು ನಿಮಿಷ ಬಟ್ಟೆ ಮಡಿಸುವುದೇ ಒಂದು ಬಿಡುವು. ಅಜ್ಜಿಯ ಪಕ್ಕ ಕೂತು ಅವರೆಕಾಯಿ ಸುಲಿಯುವ ಹುಡುಗನ ಭೌತಶಾಸ್ತ್ರ ಹಾಳಾಗುವುದಿಲ್ಲ. ಹುಡುಗನಿಗೂ ಹುಡುಗಿಗೂ ಒಂದೇ ನಿಯಮ ಇರಲಿ.

ನಿಮ್ಮ ಬಿಡುವಿನ ಹೊತ್ತನ್ನು ಮನೆಯವರಿಗೆಲ್ಲ ಹೇಳಿ, ಫ್ರಿಜ್ ಬಾಗಿಲಿಗೆ ಅಂಟಿಸಿ. "ಎರಡೂವರೆಯಿಂದ ಮೂರು, ಅಮ್ಮ ಏಳುವುದಿಲ್ಲ." ಆ ಹೊತ್ತಿನಲ್ಲಿ ಕೊರಿಯರ್ ಬಂದರೆ ಬಾಗಿಲು ತೆಗೆಯುವುದು ಯಾರು ಎಂಬುದೂ ಗೊತ್ತಿರಲಿ. ಮೊದಲ ವಾರ ಎಲ್ಲರೂ ಎಬ್ಬಿಸುತ್ತಾರೆ. ಎದ್ದು ಹೋಗದಿದ್ದರೆ ಎರಡನೇ ವಾರಕ್ಕೆ ಕಡಿಮೆಯಾಗುತ್ತದೆ. ಒಬ್ಬಂಟಿಯಾಗಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಹಂಚಲು ಮನೆಯೊಳಗೆ ಕೈಗಳಿರುವುದಿಲ್ಲ. ಅವರಿಗೆ ನೆರೆಮನೆಯೇ ದಾರಿ. ಒಂದೇ ಟ್ಯೂಷನ್ನಿಗೆ ಹೋಗುವ ಎರಡು ಮನೆಯ ಮಕ್ಕಳನ್ನು ಸೋಮ-ಬುಧ-ಶುಕ್ರ ಇವರು, ಉಳಿದ ದಿನ ಅವರು ಬಿಟ್ಟುಬಂದರೆ ಇಬ್ಬರಿಗೂ ವಾರಕ್ಕೆ ಮೂರು ಸಂಜೆ ಉಳಿಯುತ್ತದೆ. ಪರಊರಿನಲ್ಲಿ ಇಂಥ ಕೊಡುಕೊಳ್ಳುವಿಕೆ ಕೇಳಲು ಸಂಕೋಚವಾಗುವುದು ಸಹಜ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಕಡೆ ಹಬ್ಬಕ್ಕೋ ಕಾರ್ಯಕ್ರಮಕ್ಕೋ ಹೋಗಿ ನಾಲ್ಕು ಕನ್ನಡದ ಮನೆಗಳ ಪರಿಚಯ ಮಾಡಿಕೊಂಡರೆ ಆ ಸಂಕೋಚ ಕಡಿಮೆಯಾಗುತ್ತದೆ.

ಬಿಡಬಹುದಾದ ಕೆಲಸಗಳು

ಎಷ್ಟು ಹಂಚಿದರೂ ಮುಗಿಯದಷ್ಟು ಕೆಲಸ ಪಟ್ಟಿಯಲ್ಲಿ ಉಳಿದರೆ ಕೆಲವನ್ನು ಹೊಡೆದುಹಾಕಬೇಕು. ಸಾಕು ಎನ್ನುವುದಕ್ಕೆ ನಮ್ಮಲ್ಲಿ ಹಳೆಯ ಉದಾಹರಣೆಯೊಂದಿದೆ. ದಿಲ್‌ಸುಖ್‌ನಗರದ ಮುಖ್ಯರಸ್ತೆ ಪುಣೆ-ಮಚಲಿಪಟ್ಟಣ ಹೆದ್ದಾರಿ, ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಜಹೀರಾಬಾದ್ ದಾಟಿ ಹುಮನಾಬಾದ್, ಮುಂದೆ ಬಸವಕಲ್ಯಾಣದ ದಾರಿ. ಆ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಅವನನ್ನು ಹಿಂದಕ್ಕೆ ಕಳಿಸಿದಳು. ಕಾಯಕವನ್ನು ಅಷ್ಟು ಎತ್ತರಕ್ಕೆ ಏರಿಸಿದ ಶರಣರೇ ಇಂದಿಗೆ ಇಷ್ಟು ಸಾಕು ಎಂಬ ಗೆರೆಯನ್ನೂ ಎಳೆದಿದ್ದರು. ದಿನವಿಡೀ ದುಡಿಯುವುದನ್ನೇ ಕಾಯಕ ಎಂದುಕೊಂಡ ನಾವು ಲಕ್ಕಮ್ಮನ ಮಾತನ್ನು ಮರೆತಿದ್ದೇವೆ.

ಮಾಘದಿಂದ ವೈಶಾಖದವರೆಗೆ ಮದುವೆಗಳ ಸಾಲು. ಎಲ್ಲ ಮದುವೆಗೂ ಮನೆಯವರೆಲ್ಲ ಹೋಗಬೇಕಾಗಿಲ್ಲ. ಒಬ್ಬರು ಹೋಗಿ ಮುಯ್ಯಿ ಕೊಟ್ಟು ಬರಬಹುದು, ಹತ್ತಿರದವರಾದರೆ ಮೊದಲೇ ಫೋನ್ ಮಾಡಿ "ಮಗಳ ಪರೀಕ್ಷೆ ಮುಗಿದ ಮೇಲೆ ಮನೆಗೇ ಬಂದು ಹರಸ್ತೀವಿ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೇಳದೆ ತಪ್ಪಿಸಿಕೊಂಡರೆ ಮಾತ್ರ ನೊಂದುಕೊಳ್ಳುತ್ತಾರೆ.

ಅಡುಗೆಯಲ್ಲಿ ಹೈದರಾಬಾದ್ ನಮಗೆ ಬಹಳ ಅನುಕೂಲ ಮಾಡಿಕೊಟ್ಟಿದೆ. ಓಣಿಗೊಂದು ಕರಿ ಪಾಯಿಂಟ್ ಇದೆ, ಪಪ್ಪು, ಸಾಂಬಾರ್, ಪಲ್ಯ ಪ್ಯಾಕೆಟ್ ಲೆಕ್ಕದಲ್ಲಿ ಸಿಗುತ್ತದೆ, ಮನೆಯಲ್ಲಿ ಅನ್ನ ಮಾಡಿದರೆ ಸಾಕು. ಸಂಜೆಯಾದರೆ ರಸ್ತೆ ಬದಿಯಲ್ಲಿ ಹೆಣ್ಣುಮಕ್ಕಳು ಒಲೆ ಹೂಡಿ ಬಿಸಿ ಜೋಳದ ರೊಟ್ಟಿ ತಟ್ಟಿ ಮಾರುತ್ತಾರೆ. ಅದು ನಮ್ಮ ಕಡೆಯ ಊಟವೇ. ಕಲಬುರಗಿಯಿಂದ ಬರುವವರ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ತರಿಸಿಟ್ಟುಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ. ರೊಟ್ಟಿ, ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಇಟ್ಟರೆ ಪೂರ್ತಿ ಊಟ. ವಾರಕ್ಕೆ ಎರಡು ಸಂಜೆ ಒಲೆ ಹಚ್ಚುವುದಿಲ್ಲ ಎಂದು ಗೊತ್ತುಮಾಡಿ, ಯಾವ ಎರಡು ಸಂಜೆ ಎಂಬುದನ್ನೂ ಹೇಳಿಬಿಡಿ. "ಇವತ್ತು ಏನು ಅಡುಗೆ?" ಎಂಬ ಪ್ರಶ್ನೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಮಲಗುವುದರ ಜೊತೆಗೆ ಹೊರಗೆ ಹೋಗಿ ಸುಮ್ಮನೆ ಕೂರುವುದೂ ಬೇಕು. ಬೀದರ್, ಕಲಬುರಗಿ ಕಡೆ ಎಳ್ಳಮಾವಾಸ್ಯೆಯಂದು ಊರಿಗೆ ಊರೇ ಹೊಲಕ್ಕೆ ಹೋಗಿ ಸಜ್ಜೆರೊಟ್ಟಿ, ಭಜ್ಜಿ, ಅಂಬಲಿ ಉಂಡು ಇಡೀ ದಿನ ಗಿಡದ ನೆರಳಲ್ಲಿ ಕಳೆಯುತ್ತದೆ. ಇಲ್ಲಿ ನಮಗೆ ಹೊಲವಿಲ್ಲ. ಸರೂರ್‌ನಗರದ ಕೆರೆ ಹತ್ತಿರವೇ ಇದೆ, ಬೆಳಗಿನ ಬಿಸಿಲಿನಲ್ಲಿ ಕೆರೆಯ ಬದಿಯಲ್ಲಿ ಅರ್ಧ ಗಂಟೆ ನಡೆದರೆ ರಾತ್ರಿಯ ನಿದ್ದೆ ಸರಿಯಾದ ಹೊತ್ತಿಗೆ ಬರುತ್ತದೆ. ಎಲ್.ಬಿ. ನಗರ ದಾಟಿ ಅದೇ ಹೆದ್ದಾರಿಯಲ್ಲಿ ಹೋದರೆ ವನಸ್ಥಲಿಪುರಂ ಬಳಿ ಮಹಾವೀರ ಹರಿಣ ವನಸ್ಥಲಿ ಸಿಗುತ್ತದೆ. ಕೃಷ್ಣಮೃಗಗಳಿರುವ ಈ ಕಾಡಿಗೆ ಅಜ್ಜಿ-ಮೊಮ್ಮಕ್ಕಳನ್ನು ತಿಂಗಳಿಗೊಮ್ಮೆಯಾದರೂ ಬುತ್ತಿ ಕಟ್ಟಿಕೊಂಡು ಕರೆದೊಯ್ಯಿರಿ. ಮಾಲ್‌ಗೆ ಹೋಗಿ ಬಂದರೆ ಆ ನೆಮ್ಮದಿ ಸಿಗುವುದಿಲ್ಲ.

ಹಾಸ್ಟೆಲಿನ ಮಕ್ಕಳಿಗೆ

ಮನೆ ಬಿಟ್ಟು ಬಂದು ಮೂರು-ನಾಲ್ಕು ಜನರ ಕೋಣೆಯಲ್ಲಿ ಓದುವವರೇ, ರಾತ್ರಿಯೆಲ್ಲ ಓದಿದ್ದು ತಲೆಯಲ್ಲಿ ನಿಲ್ಲಲು ನಿದ್ದೆ ಬೇಕು. ಓದಿದ ಕೂಡಲೇ ಮಲಗಿದವರಿಗೆ, ಅಷ್ಟೇ ಹೊತ್ತು ಎಚ್ಚರವಿದ್ದವರಿಗಿಂತ ಹೆಚ್ಚು ನೆನಪಿರುತ್ತದೆ ಎಂದು ಜೆಂಕಿನ್ಸ್ ಮತ್ತು ಡಾಲೆನ್‌ಬ್ಯಾಕ್ ಎಂಬ ಮನೋವಿಜ್ಞಾನಿಗಳು 1924ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ಆಮೇಲಿನ ನೂರು ವರ್ಷಗಳ ಸಂಶೋಧನೆ ಅದನ್ನು ಗಟ್ಟಿಮಾಡಿದೆ. ಇಲ್ಲಿಯೂ ಸೂತ್ರ ಅದೇ, ಕೋಣೆಯವರು ಕೂತು ಮಾತಾಡಬೇಕು. ದೊಡ್ಡ ದೀಪ ಹನ್ನೊಂದಕ್ಕೆ ಆರಬೇಕು, ಆಮೇಲೆ ಓದುವವರು ಸ್ಟಡಿ ಹಾಲ್‌ಗೆ ಹೋಗಬೇಕು ಅಥವಾ ಟೇಬಲ್ ಲ್ಯಾಂಪ್ ಹಚ್ಚಿಕೊಳ್ಳಬೇಕು. ಫೋನ್ ಮಾತು ವರಾಂಡದಲ್ಲಿ. ಕಣ್ಣಿಗೆ ಕರಿಬಟ್ಟೆ, ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್ ಇಟ್ಟುಕೊಳ್ಳಿ. ಧ್ವನಿವರ್ಧಕಗಳಿಗೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ ಹಾಕಿದ ನಿಯಮ 2000ದಿಂದ ಜಾರಿಯಲ್ಲಿದೆ. ಪರೀಕ್ಷೆಯ ಹಿಂದಿನ ರಾತ್ರಿ ಮೈಕು ನಿಲ್ಲದಿದ್ದರೆ ಪೊಲೀಸರಿಗೆ ಫೋನ್ ಮಾಡಲು ಅಂಜಬೇಡಿ. ಪರೀಕ್ಷೆಯ ಹಿಂದಿನ ದಿನ ಹೊಸ ಅಧ್ಯಾಯ ತೆಗೆಯಬೇಡಿ.

ಹಾಸಿಗೆ ಹಿಡಿದವರ ಪಕ್ಕದಲ್ಲಿರುವವರಿಗೆ

ರೋಗಿಯ ಆರೈಕೆ ಮಾಡುವವರ ದಣಿವು ಎಲ್ಲಕ್ಕಿಂತ ಗಟ್ಟಿಯಾದದ್ದು, ಯಾಕೆಂದರೆ ಅವರು ವಿಶ್ರಾಂತಿ ಕೇಳಿದರೆ ಬೇಜ‌ವಾಬ್ದಾರಿ ಎಂದು ತಾವೇ ಅಂದುಕೊಳ್ಳುತ್ತಾರೆ. ಬೆಂಗಳೂರು, ಕಲಬುರಗಿಯಲ್ಲಿರುವ ಅಣ್ಣ-ತಮ್ಮ, ಅಕ್ಕ-ತಂಗಿಯರು ದಿನಾ ವಿಡಿಯೊ ಕಾಲ್ ಮಾಡಿ "ಚೆನ್ನಾಗಿ ನೋಡ್ಕೊಳ್ತಿದ್ದೀರಿ" ಎಂದರೆ ಸಾಲದು. ಎರಡು ತಿಂಗಳಿಗೊಮ್ಮೆ ಒಂದು ವಾರ ಬಂದಿರಲಿ. ಕರ್ನಾಟಕದ ಬಸ್ಸುಗಳು ಬಂದು ನಿಲ್ಲುವ ಮಹಾತ್ಮ ಗಾಂಧಿ ಬಸ್ ನಿಲ್ದಾಣ ದಿಲ್‌ಸುಖ್‌ನಗರದಿಂದ ಮೆಟ್ರೋದಲ್ಲಿ ನಾಲ್ಕನೆಯ ಸ್ಟೇಷನ್, ದೂರದ ನೆಪ ನಡೆಯುವುದಿಲ್ಲ. ಆ ವಾರ ಆರೈಕೆ ಮಾಡುವವರು ಮನೆಯಲ್ಲೇ ಇದ್ದು ಬಂದವರಿಗೂ ಅಡುಗೆ ಮಾಡಿಹಾಕುವಂತಾಗಬಾರದು. ತವರಿಗೋ ಗೆಳತಿಯ ಮನೆಗೋ ಹೊರಟುಬಿಡಬೇಕು. ಬರಲಾಗದವರು ರಾತ್ರಿ ನೋಡಿಕೊಳ್ಳುವ ಆಯಾಗೆ ತಗಲುವ ಖರ್ಚನ್ನಾದರೂ ಹೊರಲಿ.

ಹಿರಿಯರ ಆರೈಕೆ, ಪಿಂಚಣಿ, ಕಾನೂನು ವಿಷಯದಲ್ಲಿ ಮಾರ್ಗದರ್ಶನ ಬೇಕಾದರೆ 14567ಕ್ಕೆ ಕರೆ ಮಾಡಬಹುದು. ಈಗ ದೇಶಕ್ಕೆಲ್ಲ ಇರುವ ಈ ಎಲ್ಡರ್‌ಲೈನ್ 2017ರಲ್ಲಿ ಶುರುವಾದದ್ದು ಹೈದರಾಬಾದಿನಲ್ಲೇ.

ಮಲಗಿದರೂ ದಣಿವು ಇಳಿಯದಿದ್ದರೆ

ಎರಡು-ಮೂರು ವಾರ ಸರಿಯಾಗಿ ಮಲಗಿಯೂ ಮೈ ಭಾರವಾಗಿಯೇ ಇದ್ದರೆ ವೈದ್ಯರ ಬಳಿ ಹೋಗಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಎಷ್ಟೋ ಜನ ಕೆಲಸ ಜಾಸ್ತಿ ಎಂದುಕೊಂಡು ಹಿಮೋಗ್ಲೋಬಿನ್ ಕೊರತೆಯನ್ನು ವರ್ಷಗಟ್ಟಲೆ ಹೊತ್ತಿರುತ್ತಾರೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಈ ಮೂರು ರಕ್ತಪರೀಕ್ಷೆಗಳನ್ನು ಮಾಡಿಸಲು ಒಂದು ಬೆಳಗು ಸಾಕು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿದಂತಾಗಿ ಎಚ್ಚರವಾಗುವವರು ಅದನ್ನು ವೈದ್ಯರಿಗೆ ಹೇಳಲೇಬೇಕು, ಅದಕ್ಕೆ ಚಿಕಿತ್ಸೆ ಇದೆ.

ನಿದ್ದೆಯೇ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ಮುಂದುವರಿದರೆ ಅದನ್ನು ದಣಿವೆಂದು ತಳ್ಳಿಹಾಕಬಾರದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಓದುವ ಮಕ್ಕಳ ಕೋಣೆಯಲ್ಲಿ ಈ ಸಂಖ್ಯೆ ಗೋಡೆಯ ಮೇಲೆ ಬರೆದಿರಲಿ.

ಇದನ್ನು ಓದುತ್ತಿರುವವರು ಗಂಡನಾಗಿದ್ದರೆ, ಮಗನಾಗಿದ್ದರೆ, ದೂರದಲ್ಲಿರುವ ಅಣ್ಣನಾಗಿದ್ದರೆ ನನ್ನದೊಂದು ಕೋರಿಕೆ. ಮನೆಯಾಕೆ ಬಿಡುವು ಕೇಳುವವರೆಗೆ ಕಾಯಬೇಡಿ. ಇಂದು ರಾತ್ರಿಯ ಪಾತ್ರೆ, ನಾಳೆ ಬೆಳಗಿನ ಹಾಲು, ಭಾನುವಾರದ ಅಡುಗೆ, ಇವುಗಳಲ್ಲಿ ಒಂದನ್ನು ಈ ಋತು ಮುಗಿಯುವವರೆಗೆ ನನ್ನದೆಂದು ಹೇಳಿ ತೆಗೆದುಕೊಳ್ಳಿ.